ಕೆರೆಯ ತೀರ್ಥ

ಜರಗನಹಳ್ಳಿಯ ಹಿಂದೆ, ನಮ್ಮ ಲೇಔಟ್ ಮುಗಿಯುವಲ್ಲಿ, ಒಂದು ಪುಟ್ಟ ಕೆರೆಯಿತ್ತು. ತೊಂಬತ್ತರ ದಶಕದಲ್ಲಿ ನನ್ನ ಮಾರ್ನಿಂಗ್ ವಾಕ್ ಅಲ್ಲಿಗೇ. ಮೆಟ್ಟಿಲ ಮೇಲೆ ಕೂತು ಒಂದು ಹಿಡಿ ಕಡ್ಲೇಪುರಿ ಎರಚಿದರೆ ಮೀನುಗಳು ಬಾಯಿ ತೆರೆದು ಮೇಲೇಳುತ್ತಿದ್ದವು. ಯಾವುದೋ ಗಾಳದಿಂದ ತಪ್ಪಿಸಿಕೊಂಡು ತುಟಿ ಹರಿದುಕೊಂಡಿದ್ದ ದೊಡ್ಡ ಕಾಟ್ಲಾ ಒಂದು, ಉಳಿದ ಮೀನುಗಳೆಲ್ಲ ತಿಂದ ಮೇಲೆ, ಗತ್ತಿನಿಂದ ಬರುತ್ತಿತ್ತು. ರಿಯಲ್ ಜಂಟಲ್‌ಮನ್. ಮೊಟ್ಟೆಯನ್ನೂ ಮುಟ್ಟದ ನನಗೆ ಅದರ ಮೇಲೆ ಅಷ್ಟೊಂದು ಅಕ್ಕರೆ.

ಆಮೇಲೆ ಪಕ್ಕದಲ್ಲಿ ಅಪಾರ್ಟ್‌ಮೆಂಟ್ ಎದ್ದಿತು. ಅದರ ಕಕ್ಕಸಿನ ಪೈಪನ್ನು ಮಳೆನೀರಿನ ಮೋರಿಗೆ ಸೇರಿಸಿದರು. ಮೋರಿ ಬೀಳುತ್ತಿದ್ದದ್ದು ಕೆರೆಗೆ. ಒಂದು ಬೆಳಿಗ್ಗೆ ಹೋದರೆ ನೀರಿನ ಮೇಲೆಲ್ಲ ಬಿಳಿ ಹೊಟ್ಟೆಗಳು. ಬಲೆ ಬೀಸುವ ಮುದುಕ ಸತ್ತ ಮೀನುಗಳನ್ನು ಮಂಕರಿಗೆ ತುಂಬುತ್ತಿದ್ದ.

"ಇಲ್ಲೈತೆ ನೋಡಿ ಅಕ್ಕ, ನಿಮ್ ದೋಸ್ತು" ಎಂದು ಆ ಹರಿದ ತುಟಿಯನ್ನು ಎತ್ತಿ ತೋರಿಸಿದ.

ಸೀದಾ ಅಪಾರ್ಟ್‌ಮೆಂಟಿನ ಸೆಕ್ರೆಟರಿಯ ಬಳಿ ಹೋಗಿ ಪೈಪ್ ಕೀಳಿಸಿ ಎಂದೆ. ಲಿಫ್ಟಿನೊಳಗೆ ಹಾಲಿನ ಪ್ಯಾಕೆಟ್ ಹಿಡಿದು ನಿಂತಿದ್ದ ಸೆಕ್ರೆಟರಿ ನಕ್ಕರು.

"ಆಂಟಿ, ನೀವು ಪುಳ್ಚಾರ್ ಅಲ್ವಾ? ಮೀನಿಗೆ ತಿಥಿ ಏನಾದ್ರೂ ಮಾಡಿಸ್ಬೇಕಿತ್ತಾ?"

ಲಿಫ್ಟ್ ಬಾಗಿಲು ನನ್ನ ಮುಖಕ್ಕೇ ಮುಚ್ಚಿತು. ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ್ದ ಫರ್ಗಿವ್‌ನೆಸ್ ಎಲ್ಲ ಅಲ್ಲೇ ಮುಗಿಯಿತು. ಪೈಪ್ ಕೀಳಿಸಬೇಕು, ಅದೂ ಈ ಮನುಷ್ಯನ ಮುಖ ಇಳಿಯುವ ಹಾಗೆ ಎಂದುಕೊಂಡೆ.

ಆ ಮಳೆಗಾಲ ಕೆರೆ ತುಂಬಿತು. ತುಂಬಿದ ಕೆರೆಗೆ ಬಾಗಿನ ಬಿಡುವ ಉಸ್ತುವಾರಿ ಹೊತ್ತವರು ಅದೇ ಸೆಕ್ರೆಟರಿ. ಲಿಫ್ಟಿನ ಮಾತು ಮರೆತವರಂತೆ ಮನೆಗೇ ಬಂದು, "ಹಿರಿಯ ಮುತ್ತೈದೆ ನೀವೇ ಆಂಟಿ, ನಿಮ್ ಕೈಯಿಂದ್ಲೇ ಆಗ್ಬೇಕು" ಎಂದು ಕರೆದರು. ಒಪ್ಪಿಕೊಂಡೆ. ಎಷ್ಟು ಸ್ವೀಟಾಗಿ ಒಪ್ಪಿಕೊಂಡೆ!

ಅವರು ರೇಷ್ಮೆ ಶರ್ಟು ತೊಟ್ಟು, ಗಂಗಮ್ಮ ತಾಯಿ ಎಂದು ಮೈಕಿನಲ್ಲಿ ಭಾಷಣ ಮಾಡಿದರು. ನಾನು ಮೊರದ ಬಾಗಿನ ಬಿಟ್ಟೆ. ಆಮೇಲೆ ಕೆರೆಯ ನೀರನ್ನೇ ತೀರ್ಥವೆಂದು ತಲೆಗೆ ಚಿಮುಕಿಸುವುದು ಪದ್ಧತಿ. ನಾನು ಮೋರಿ ಬೀಳುವ ಕಡೆಗೇ ನಡೆದು, ಬೆಳ್ಳಿ ಚೊಂಬು ಅದ್ದಿ ತಂದು, ಉದ್ಧರಣೆ ತುಂಬಿ ಅವರ ಮುಂದೆ ಚಾಚಿದೆ.

"ಕೈ ಹಿಡೀರಿ."

"ತಲೆಗೆ ಹಾಕಿ ಸಾಕು ಆಂಟಿ."

"ಈಗ ತಾನೇ ತಾಯಿ ಅಂದ್ರಲ್ಲ! ಸಂಕೋಚ ಯಾಕೆ? ನಿಮ್ಮನೆಯಿಂದ್ಲೇ ಬಂದಿರೋ ನೀರು."

ಜನ ಕಿಸಕ್ಕೆಂದರು. ಅಂಗೈಗೆ ಹಾಕಿಯೇಬಿಟ್ಟೆ. ವಾಸನೆ ಮೂಗಿಗೆ ಬಡಿದು ಅವರು ಅಂಗೈ ಓರೆ ಮಾಡಹೊರಟರು.

"ತೀರ್ಥ ಚೆಲ್ಲಂಗಿಲ್ಲ ಸಾಮಿ, ಕುಡೀರಿ!" ಹಿಂದಿನಿಂದ ಬಲೆಯ ಮುದುಕ ಕೂಗಿದ.

ಕಣ್ಣು ಮುಚ್ಚಿ ಕುಡಿದರು.

ಮರುದಿನ ಅವರ ಹೆಂಡತಿಯ ಫೋನ್, ವಾಂತಿ ನಿಂತಿಲ್ಲವೆಂದು. "ಅಯ್ಯೋ ಪಾಪ, ಜೀರಿಗೆ ಕಷಾಯ ಕೊಡಿ" ಎಂದು ರಿಸೀವರ್ ಇಟ್ಟು ಇನ್ನೊಂದು ಕಾಫಿ ಬೆರೆಸಿಕೊಂಡೆ. ಅದೇ ವಾರ ಪೈಪ್ ಕಿತ್ತರು. ಮುದುಕ ಹೊಸ ಮರಿಗಳನ್ನು ಬಿಟ್ಟ. ಅವು ಪುರಿ ತಿಂದು ಓಡಿಹೋಗುತ್ತವೆ, ನನ್ನ ಗುರುತು ಅವಕ್ಕಿಲ್ಲ.

ತೀರ್ಥವನ್ನು ಮೂರು ಸಲ ಕೊಡಬೇಕು. ಜನರ ಮುಂದೆ ಮರ್ಯಾದೆ ನೋಡಿ ಒಂದೇ ಸಲ ಕೊಟ್ಟೆನಲ್ಲ, ಈಗಲೂ ನನಗಿರುವುದು ಅದೊಂದೇ ರಿಗ್ರೆಟ್.