ಇಲ್ಲದ ಹಾಳೆಗಳ ಕಥೆ

"ಕಥೆಯೇನೋ ಚೆನ್ನಾಗಿ ಮುಗಿಸ್ದೆ ಕಣಪ್ಪ. ಆದ್ರೆ ಈ ಪುಸ್ತಕದಲ್ಲಿ ಕೊನೇ ಹಾಳೆಗಳೇ ಇಲ್ವಲ್ಲ, ನೀನೆಲ್ಲಿ ಓದ್ದೆ?" ಎನ್ನುತ್ತಾ ಚಿಂತಾಮಣಿಯ ಲೈಬ್ರರಿಯನ್ ವೆಂಕಟಪ್ಪನವರು ಹರಿದ ಕಾದಂಬರಿಯನ್ನು ಎಲ್ಲರೆದುರು ಎತ್ತಿ ಹಿಡಿದರು.

ಅದು ಐವತ್ತರ ದಶಕದ ಕೊನೆ. ಹೈಸ್ಕೂಲು ಹುಡುಗರೂ ಹುಡುಗಿಯರೂ ಭಾನುವಾರ ಲೈಬ್ರರಿಯಲ್ಲಿ ಸೇರಿ, ತಾವು ಓದಿದ ಪುಸ್ತಕದ ಕಥೆ ಹೇಳಬೇಕಿತ್ತು. ಅರ್ಧ ಓದಿ ಬಿಟ್ಟಿದ್ದ ನಾನು, ಕಳೆದುಹೋದ ಮಗಳನ್ನು ತೊಂಡೇಬಾವಿ ಸ್ಟೇಷನ್ನಿನಲ್ಲಿ ತಾಯಿಗೆ ಒಪ್ಪಿಸಿ ಧೈರ್ಯವಾಗಿ ಕಥೆ ಮುಗಿಸಿದ್ದೆ.

"ಕಾರ್ಡು ಹೋಯ್ತು ಬಿಡಪ್ಪ" ಎಂದು ಹಿಂದಿನ ಬೆಂಚಿನಿಂದ ನಾಗರತ್ನ ನಕ್ಕಳು. ನನ್ನ ಭಯವೂ ಅದೇ. ಲೈಬ್ರರಿ ಕಾರ್ಡು ಹೋದರೆ ನನಗೆ ಪುಸ್ತಕ ಕೊಡುವವರು ಊರಲ್ಲಿ ಬೇರೆ ಯಾರೂ ಇರಲಿಲ್ಲ.

ವೆಂಕಟಪ್ಪನವರು ಕಾರ್ಡನ್ನು ಜೇಬಿಗೆ ಹಾಕಿಕೊಂಡರು. "ಈಗ ಹೇಳಿದ್ದನ್ನೇ ಬರ್ಕೊಂಡು ಬಾ, ವಾಪಸ್ ಕೊಡ್ತೀನಿ" ಎಂದರು. ಮುಂದಿನ ವಾರ ನಾನು ಬರೆದು ತಂದ ಹಾಳೆಗಳನ್ನು ಗೋಂದು ಹಚ್ಚಿ ಅದೇ ಪುಸ್ತಕಕ್ಕೆ ಅಂಟಿಸಿ, ನನ್ನ ಕಾರ್ಡನ್ನು ನನಗೂ ಪುಸ್ತಕವನ್ನು ನಾಗರತ್ನಳಿಗೂ ಕೊಟ್ಟರು. ಅದನ್ನು ಓದಿ ಅವಳು ಅತ್ತಳೆಂದು ಅವಳ ತಂಗಿ ಹೇಳಿದ ನೆನಪು. ಅವಳು ಮಾತ್ರ ಒಪ್ಪಲಿಲ್ಲ. ನನ್ನ ನೆನಪನ್ನು ನಾನೂ ಪೂರ್ತಿ ನಂಬುವುದಿಲ್ಲ.

ಎಂ.ಎ. ಓದಿದ ಮೇಲೆ ಯಾರು ಏನು ಹೇಳಿದರೂ ಪುರಾವೆ ಕೇಳುವುದು ನನಗೆ ಅಭ್ಯಾಸವಾಗಿದೆ. ಮೊನ್ನೆ ಅದೇ ಕಾದಂಬರಿಯ ಒಂದು ಪೂರ್ತಿ ಪ್ರತಿ ಸಿಕ್ಕಿತು. ಅದರಲ್ಲಿ ಮಗಳು ತಾಯಿಗೆ ಸಿಗುವುದೇ ಇಲ್ಲ. ಅಚ್ಚು ಹಾಕುವಾಗ ಎಲ್ಲೋ ತಪ್ಪಾಗಿದೆ ಎಂದುಕೊಂಡೆ.