ಬೀಗರು ಹೊದಿಸಿದ ಶಾಲು

ಸವಣೂರಿನಲ್ಲಿ ಉಣ್ಣೆ ಬಟ್ಟೆಯ ಕಲೆ ತೆಗೆಸಬೇಕಾದವರು ಗುಲ್ನಾರಳ ಬಾಗಿಲಿಗೆ ಬರುತ್ತಾರೆ. ಗಂಡ ತೀರಿಕೊಂಡ ಮೇಲೆ ಮೂರು ಮಕ್ಕಳನ್ನು ಇದೇ ಕೆಲಸದಿಂದ ಸಾಕಿದವಳು ಅವಳು. ಬಿಸಿನೀರು ಸೋಕಿಸುವುದಿಲ್ಲ, ತಿಕ್ಕುವುದಿಲ್ಲ, ಹಿಂಡುವುದಿಲ್ಲ. ಚಹಾದ ಕಲೆಯಾದರೆ ತಣ್ಣೀರಿಗೆ ನಾಲ್ಕು ಹನಿ ವಿನೆಗರ್ ಹಾಕಿ ಬಟ್ಟೆಯಿಂದ ಒತ್ತಿ ಒತ್ತಿ ತೆಗೆಯುತ್ತಾಳೆ.

ಹತ್ತಿಮತ್ತೂರಿನ ಗುದ್ಲೆಪ್ಪ ಹೆಂಡತಿ ಉಡಚವ್ವನ ಜೊತೆ ಬಂದಿದ್ದ. ಮಗಳ ನಿಶ್ಚಿತಾರ್ಥದಲ್ಲಿ ಬೀಗರು ಹೊದಿಸಿದ ತೆಳು ಬಿಳಿ ಉಣ್ಣೆ ಶಾಲಿನ ಮೇಲೆ ಚಹಾ ಚೆಲ್ಲಿಕೊಂಡಿದ್ದ. ಗುಲ್ನಾರ ಶಾಲನ್ನು ಮೂಗಿಗೆ ಹಿಡಿದಳು.

"ಬ್ಲೀಚ್ ಏನರ ಹಾಕೀರೇನ್ರಿ?"

"ಇಲ್ಲ, ಬರೇ ನೀರು," ಎಂದ ಗುದ್ಲೆಪ್ಪ. ಉಡಚವ್ವ ಗಂಡನ ಮುಖ ನೋಡಿದಳು.

ಎರಡು ದಿನ ಬಿಟ್ಟು ಗಂಡ ಹೆಂಡತಿ ಬಂದಾಗ ಕಲೆ ಇರಲಿಲ್ಲ. ಆದರೆ ಅದೇ ಜಾಗದಲ್ಲಿ ನೂಲು ಹಿಟ್ಟಾಗಿ ಉದುರಿ ಅಂಗೈಯಗಲ ತೂತು ಬಿದ್ದಿತ್ತು. ಗುದ್ಲೆಪ್ಪ ಶಾಲನ್ನು ಎತ್ತಿ ಹಿಡಿದು ಓಣಿಗೆಲ್ಲ ಕೇಳುವಂತೆ ಕೂಗಿದ.

"ನೋಡ್ರೆಪಾ! ಚಲೋ ಶಾಲು ಹಾಳು ಮಾಡ್ಯಾಳ. ಇಕಿಗೆ ಯಾರೂ ಬಟ್ಟಿ ಕೊಡಬ್ಯಾಡ್ರಿ!"

ಗುಲ್ನಾರಳ ಮೈಯೆಲ್ಲ ಉರಿಯಿತು. ಬಚ್ಚಲು ತೊಳೆಯುವ ಬ್ಲೀಚನ್ನು ಬಟ್ಟಲಿಗೆ ಸುರಿದು ಕಟ್ಟೆಯ ಮೇಲೆ ಕುಕ್ಕಿದಳು. ಶಾಲಿನ ಅಂಚಿನಿಂದ ಗಟ್ಟಿ ಎಳೆಯೊಂದನ್ನು ಕಿತ್ತು ಅದರಲ್ಲಿ ಹಾಕಿದಳು.

"ಹೋಗಬ್ಯಾಡ್ರಿ. ನಿಂತು ನೋಡ್ರಿ."

ಅಕ್ಕಪಕ್ಕದವರೂ ನಿಂತರು. ಎಳೆ ಹಳದಿಯಾಯಿತು, ನೊರೆಯೆದ್ದಿತು. ಸ್ವಲ್ಪ ಹೊತ್ತಿಗೆ ಕಡ್ಡಿಯಿಂದ ಎತ್ತಲು ಹೋದರೆ ಎಳೆಯೇ ಇರಲಿಲ್ಲ.

"ಉಣ್ಣಿಗೆ ಬ್ಲೀಚ್ ತಾಗಿದ್ರ ಹಿಂಗ ಆಗತೈತಿ. ನಾ ಕೇಳಿದಾಗ ಯಾಕ ಸುಳ್ಳು ಹೇಳಿದ್ರಿ?"

ಗುದ್ಲೆಪ್ಪ ಹೆಂಡತಿಯತ್ತ ತಿರುಗಿದ. "ಏನ ಹಾಕಿದ್ದಿ ನೀ?"

"ನೀವ ಬಾಟ್ಲಿ ತಂದು ಕೊಟ್ರಿ," ಎಂದಳು ಉಡಚವ್ವ. "ಬ್ಯಾಡ ಅಂದ್ರೂ ಹಾಕಿಸಿದ್ರಿ. ಈಗ ನನ್ನ ಮ್ಯಾಲ ಹೇಳ್ತೀರಿ?"

ಅವನು ಶಾಲನ್ನು ಕಂಕುಳಿಗೆ ತುರುಕಿಕೊಂಡು ಹೊರಟುಬಿಟ್ಟ. ಮರುವಾರ ಓಣಿಯಲ್ಲಿ ಯಾರೂ ಇಲ್ಲದ ಮಧ್ಯಾಹ್ನ ಬಂದು, "ತಪ್ಪಾತವ್ವಾ, ಬಿಟ್ಟುಬಿಡು," ಎಂದು ಪಿಸುಗುಟ್ಟಿದ.

"ಕೂಗೂಮುಂದ ಎಲ್ಲಾರಿಗೂ ಕೇಳಿಸಿದ್ರಿ. ಈಗ ನನಗಷ್ಟ ಕೇಳಿದ್ರ ಸಾಕೇನು?"

ಅವನು ಮತ್ತೆ ಬರಲಿಲ್ಲ. ಗುಲ್ನಾರಳೇ ಬಸ್ಸು ಹತ್ತಿ ಹತ್ತಿಮತ್ತೂರಿಗೆ ಹೋದಳು. ಅವನ ಮನೆಯ ಮುಂದೆ ನಿಂತು ಹೆಸರು ಹಿಡಿದು ಕರೆದಳು. ನೆರೆಯವರು ಹೊರಬಂದರು. "ಇವರ ಮುಂದ ಹೇಳ್ರಿ," ಎಂದಳು. ಗುದ್ಲೆಪ್ಪ ಹೊಸ್ತಿಲಲ್ಲಿ ನಿಂತು, "ಶಾಲಿಗೆ ಬ್ಲೀಚ್ ನಾನ ಹಾಕಿಸಿದ್ದೆ. ಗುಲ್ನಾರವ್ವನದೇನೂ ತಪ್ಪಿಲ್ಲ," ಎಂದ.

ಉಡಚವ್ವ ಒಳಗೆ ಕರೆದಳು.

"ಇವತ್ತ ಒಲ್ಲೆನ್ರಿ ಅಕ್ಕಾ. ಸಿಟ್ಟು ಇನ್ನೂ ಇಳಿದಿಲ್ಲ," ಎಂದು ಗುಲ್ನಾರ ಬಸ್ಸಿಗೆ ನಡೆದಳು.