ಇಸ್ತ್ರಿಪೆಟ್ಟಿಗೆ ಬಿಸಿಯಾಯಿತು, ಕಂಪ್ಯೂಟರ್ ಏಳಲಿಲ್ಲ

ಖರೇ ಹೇಳಿ, ನಿಮ್ಮ ಮನೆಯಲ್ಲಿ ಗಂಡ ನಿಮ್ಮ ಮಾತು ಕೇಳುತ್ತಾರಾ?

ಬರೀ ‘ಹೂಂ’ ಅನ್ನುವುದಲ್ಲ. ಪೂರ್ತಿ ಕೇಳುವುದು. ಮೊದಲ ಶಬ್ದದಿಂದ ಕೊನೆಯ ಶಬ್ದದವರೆಗೆ, ನಡುವೆ ಬಾಯಿ ಹಾಕದೆ. ನಮ್ಮ ಮನೆಯವರು ಕೇಳುತ್ತಾರೆ. ಕೇಳುವುದಷ್ಟೇ ಅಲ್ಲ, ಕಾಮಾ, ಫುಲ್‌ಸ್ಟಾಪ್ ಸಮೇತ ಟೈಪ್ ಮಾಡುತ್ತಾರೆ. ವಾರಕ್ಕೊಮ್ಮೆ, ಸೋಮವಾರ ಮಧ್ಯಾಹ್ನ ಊಟ ಆದ ಮೇಲೆ, ಒಂದು ತಾಸು. ಉಳಿದ ಆರು ದಿನ ಅವರೂ ನಿಮ್ಮ ಗಂಡಂದಿರ ಹಾಗೆಯೇ. ಹೊಟ್ಟೆ ಉರಿಸಿಕೊಳ್ಳಬೇಡಿ.

ಈ ಅಂಕಣ ಹುಟ್ಟುವುದೇ ಹಾಗೆ. ನಾನು ಶೇಂಗಾ ಸುಲಿಯುತ್ತ ಹೇಳುತ್ತೇನೆ. ಇವರು ಡೆಸ್ಕ್‌ಟಾಪ್ ಮುಂದೆ ಬೆನ್ನು ನೆಟ್ಟಗೆ ಮಾಡಿ ಕೂತು ಬಡಿಯುತ್ತಾರೆ. ಆಫೀಸಿನಲ್ಲಿ ಮೂವತ್ತಾರು ವರ್ಷ ಟೈಪಿಸ್ಟ್ ಆಗಿದ್ದವರು. ಕೀಬೋರ್ಡ್ ಕಡೆ ನೋಡುವುದಿಲ್ಲ. ನೋಡಿದರೆ ಮರ್ಯಾದೆಗೆ ಕಡಿಮೆ. ನನ್ನ ಧಾರವಾಡದ ಮಾತನ್ನು ತೊಳೆದು ಬಳಿದು ಪೇಪರಿನ ಭಾಷೆ ಮಾಡುವವರೂ ಅವರೇ, ಅವರ ಬಗ್ಗೆ ನಾನು ಮಾಡಿದ ಚಾಷ್ಟಿಯನ್ನು ಸದ್ದಿಲ್ಲದೆ ನುಂಗುವವರೂ ಅವರೇ.

ಈ ವಾರ ಒಂದೂ ನುಂಗಿಲ್ಲ. ಯಾಕೆಂದರೆ ಈ ವಾರ ಟೈಪ್ ಮಾಡಿದವಳು ನಾನು. ಫೋನಿನಲ್ಲಿ. ಒಂದೇ ಹೆಬ್ಬೆರಳಿನಲ್ಲಿ. (ನಾನು ‘ಮನಿ’ ಒತ್ತಿದರೆ ಈ ಫೋನೂ ತಾನಾಗಿ ‘ಮನೆ’ ಮಾಡುತ್ತದೆ. ಇದೂ ಇವರ ಆಫೀಸಿನಲ್ಲೇ ಕೆಲಸ ಕಲಿತಿರಬೇಕು.)

ಆಗಿದ್ದು ಇಷ್ಟು. ಮೊನ್ನೆ ಸೋಮವಾರ ಶೇಂಗಾ ಬುಟ್ಟಿ ಹಿಡಿದು ಕೂತೆ. ಇವರು ಬಟನ್ ಒತ್ತಿದರು. ಲೈಟಿಲ್ಲ. ಒಳಗಿನ ಫ್ಯಾನಿನ ಗುರ್ ಸದ್ದಿಲ್ಲ. ಇನ್ನೊಮ್ಮೆ ಒತ್ತಿದರು.

“ಚಾಲೂ ಆಗವಲ್ದು.”

“ಗಟ್ಟಿ ಒತ್ತರಿ.”

“ಅದೇನ್ ರೊಟ್ಟಿ ಹಿಟ್ಟನ, ಗಟ್ಟಿ ಒತ್ತಾಕ?”

ಅಷ್ಟು ಹೇಳಿ ಪೇಪರ್ ತೆಗೆದುಕೊಂಡು ಆರಾಮ ಕುರ್ಚಿಗೆ ಹೋದರು. ನನಗೆ ಅಲ್ಲೇ ಹೊಳೆಯಬೇಕಿತ್ತು. ಪೆನ್ನಿನ ಮುಚ್ಚಳ ಕಾಣದಿದ್ದರೆ ಮನೆ ತಲೆಕೆಳಗು ಮಾಡುವ ಮನುಷ್ಯ, ಕಂಪ್ಯೂಟರ್ ಸತ್ತರೆ ಪೇಪರ್ ಓದುತ್ತಾರಾ?

ಆದರೆ ನನ್ನ ತಲೆಯಲ್ಲಿ ಇದ್ದದ್ದು ಬುಧವಾರ. ಅಂಕಣ ಬುಧವಾರ ಬೆಳಿಗ್ಗೆ ಹೋಗಬೇಕು. ಇಷ್ಟು ವರ್ಷದಲ್ಲಿ ಒಂದು ವಾರವೂ ತಪ್ಪಿಸಿಲ್ಲ. ಮೊಣಕಾಲು ಆಪರೇಷನ್ ಆದ ವಾರವೂ ಮಂಚದ ಮೇಲಿಂದ ಹೇಳಿ ಬರೆಸಿದ್ದೆ. ಸೊಸೆ ಸುಮಂಗಲಾಗೆ ಫೋನ್ ಹಚ್ಚಿದೆ. ಹೈಸ್ಕೂಲ್ ಟೀಚರ್ ಅವಳು, ಬಿಡುವಿನ ಪೀರಿಯಡ್‌ನಲ್ಲಿದ್ದಳು.

“ಅತ್ತೀ, ಮೊದಲ ಪ್ಲಗ್ಗಿಗೆ ಕರೆಂಟ್ ಬರತೈತಿಲ್ಲೋ ನೋಡ್ರಿ.”

ಕಂಪ್ಯೂಟರಿನ ಪ್ಲಗ್ ಕಿತ್ತು ಅದೇ ಜಾಗಕ್ಕೆ ಇಸ್ತ್ರಿಪೆಟ್ಟಿಗೆ ಸಿಕ್ಕಿಸಿದೆ. ಬಿಸಿಯಾಯಿತು. (ಬಿಸಿ ದಂಡ ಆಗಬಾರದೆಂದು ಇವರ ಒಂದು ಅಂಗಿಯನ್ನೂ ಇಸ್ತ್ರಿ ಮಾಡಿದೆ. ಹಾಕಿಕೊಳ್ಳುವುದಿಲ್ಲ ಅಂತ ಗೊತ್ತು. ಸೆಕೆ ಅಂತ ಎರಡು ತಿಂಗಳಿಂದ ತಲೆಯಿಂದ ತೊಡುವ ಜುಬ್ಬಾ ಒಂದೇ.)

“ಹಂಗಾರ ಕೇಬಲ್ ಹೋಗಿರಬೇಕು. ರೈಸ್ ಕುಕ್ಕರಿಂದು ಹಚ್ಚಿ ನೋಡ್ರಿ. ಎರಡೂ ಒಂದ ನಮೂನಿ ಇರತಾವು.”

ಹಚ್ಚಿದೆ. ಇಲ್ಲ.

“ಡಬ್ಬಿ ಹಿಂದ ಒಂದು ಸಣ್ಣ ಸ್ವಿಚ್ ಐತಿ. ಅದು ಆಫ್ ಆಗೇತೇನ?”

ಟೇಬಲ್ ಕೆಳಗೆ ಹೋದೆ. ಸ್ವಿಚ್ ಆನ್ ಇತ್ತು. ಹೋದವಳಿಗೆ ಏಳಲು ಆಗಲಿಲ್ಲ. ಸ್ವಲ್ಪ ಹೊತ್ತು ಅಲ್ಲೇ ಕೂತೆವು, ಕಂಪ್ಯೂಟರೂ ನಾನೂ, ಇಬ್ಬರೂ ಏಳದವರು.

“ಎಲ್ಲಾ ವೈರ್ ತಗೀರಿ, ಮುಂದಿನ ಬಟನ್ ಅರ್ಧ ನಿಮಿಷ ಒತ್ತಿ ಹಿಡೀರಿ, ಮತ್ತ ಹಚ್ಚರಿ.”

ಅದೂ ಆಯಿತು. ಕೊನೆಗೆ ಹಿಂದೆ ರೇಡಿಯೋಗೆ ಕೊಡುತ್ತಿದ್ದಂತೆ ನೆತ್ತಿ ಮೇಲೆ ಒಂದು ಕೊಟ್ಟೆ. ಕೈ ನೋವಾಯಿತು, ಅಷ್ಟೇ.

“ಬಿಡ ಅದನ್ನ,” ಪೇಪರಿನ ಹಿಂದಿನಿಂದ ಧ್ವನಿ ಬಂತು. “ಅದರ ಆಯುಷ್ಯ ಮುಗದೈತಿ.”

“ದಾದಾಪೀರನ್ನ ಕರಸೂಣು?”

“ಬ್ಯಾಡ ಬ್ಯಾಡ. ಪಾಪ, ಹಳೇ ಹುಬ್ಬಳ್ಳಿಯಿಂದ ಸಪ್ತಾಪುರಕ್ಕ ಅಷ್ಟ್ ದೂರ ಯಾಕ ಬರಬೇಕ ಅವಾ?”

ಈ ದಾದಾಪೀರ್ ಇವರ ಆಫೀಸಿನ ಟೈಪ್‌ರೈಟರ್ ರಿಪೇರಿ ಮಾಡುತ್ತಿದ್ದವನು. ಕಾಲ ಬದಲಾಯಿತು, ಕಂಪ್ಯೂಟರ್ ಕಲಿತ. ಈಗ ಅವನಿಗೂ ಅರವತ್ತರ ಹತ್ತಿರ. ಮೌಸ್ ಒಂದಿಷ್ಟು ತೊದಲಿದರೆ ಸಾಕು, ಇವರು ಅವನನ್ನು ಕರೆಸಿ ಎರಡು ತಾಸು ಚಹಾ ಕುಡಿಸಿ ಹಳೇ ಮಷಿನ್‌ಗಳ ಕಥೆ ಹೇಳುವವರು. ಇವತ್ತು ಪಾಪ ಅನ್ನಿಸಿತಂತೆ.

ಸಂಜೆ ಸುಮಂಗಲಾ ಬಂದು ನನ್ನ ಫೋನಿಗೆ ಕನ್ನಡ ಕೀಬೋರ್ಡ್ ಹಾಕಿದಳು. ಎದುರು ಕೂತು ಕಲಿಸಿದಳು. ಒತ್ತಕ್ಷರ ಹೇಗೆ, ಒಂದು ಸಾಲು ಬಿಡುವುದು ಹೇಗೆ. ಒಂದು ಪ್ಯಾರಾ ಆಗುವಷ್ಟರಲ್ಲಿ ಹೆಬ್ಬೆರಳು ಸೆಟೆದುಕೊಂಡಿತು. ಕಣ್ಣಲ್ಲಿ ನೀರು. ಟೈಪ್ ಮಾಡುವುದು ಇಷ್ಟು ಕಷ್ಟವೇ?

ಆಗ ನೆನಪಾಯಿತು, ಮೂರು ವಾರದ ಹಿಂದಿನದು.

ನಿಮಗೂ ನೆನಪಿರಬೇಕು. ಹೋಳಿಗೆ ಬಗ್ಗೆ ಬರೆದಿದ್ದೆ. ಬೀಗರು ಬಂದರೆ ಮೊದಲು ಅವರನ್ನು ಕೂಡಿಸಿ ನೀರು ಕೊಡಿ, ಆಮೇಲೆ ಬೇಳೆಯನ್ನು ಮೆತ್ತಗೆ ಕುದಿಸಿ, ರುಬ್ಬಿ ಅಂತ ಹೇಳಿದ್ದೆ. ನಡುವೆ ಒಂದು ಸಾಲು ಬಿಟ್ಟುಹೋಗಿ, ಬೀಗರನ್ನೇ ಮೆತ್ತಗೆ ಕುದಿಸಿ ರುಬ್ಬಿ ಅಂತ ಅಚ್ಚಾಯಿತು. ಉಣಕಲ್ಲಿನಿಂದ ನನ್ನ ತಂಗಿ ಫೋನ್ ಮಾಡಿ ಬಿದ್ದು ಬಿದ್ದು ನಕ್ಕಳು. ನಾನು ನಗಲಿಲ್ಲ. ಸೊಸೆ ಚಹಾ ಕೊಡುತ್ತಿದ್ದಳು. ಅವಳ ಎದುರೇ ಅಂದುಬಿಟ್ಟೆ:

“ಕಣ್ಣ ಎಲ್ಲಿಟ್ಟಿದ್ರಿ? ಮೂವತ್ತಾರ ವರ್ಷ ಆಫೀಸ್‌ನ್ಯಾಗ ಹಿಂಗ ಟೈಪ್ ಮಾಡಿ ಬಂದ್ರೇನು?”

ಇವರು ಚಹಾ ಅರ್ಧ ಬಿಟ್ಟು ಎದ್ದರು.

ಮಂಗಳವಾರ ಇವರು ಕಾಯಿಪಲ್ಲೆ ತರಲು ಚೀಲ ಹಿಡಿದು ಹೊರಟರು. ಗೇಟಿನ ಸದ್ದು ಕೇಳಿದ ಕೂಡಲೇ ದಾದಾಪೀರನಿಗೆ ಫೋನ್ ಮಾಡಿದೆ. ಧಾರವಾಡದಲ್ಲೇ ಬೇರೆ ಕೆಲಸಕ್ಕೆ ಬಂದಿದ್ದ, ಹತ್ತು ನಿಮಿಷದಲ್ಲಿ ಬಂದ. ಡಬ್ಬಿಯ ಸ್ಕ್ರೂ ಬಿಚ್ಚಿದ. ಬಗ್ಗಿ ನೋಡಿದ. ನೋಡುತ್ತಲೇ ಉಳಿದ.

“ಏನಾಗೇತಿ ದಾದಾಪೀರ?”

“ಏನೂ ಆಗಿಲ್ರಿ ಅಮ್ಮಾ. ಮುಂದಿನ ಬಟನ್ನಿಂದ ಒಳಗ ಬರೋ ಸಣ್ಣ ವೈರ್ ಐತಲ್ರಿ, ಅದನ್ನ ತಗದಾರ.”

“ತಾನ ಬಿಚ್ಚಿರಬೇಕು. ರವಿವಾರಕ್ಕೊಮ್ಮೆ ಬ್ರಷ್ ಹಾಕಿ ಧೂಳ ಹೊಡೀತಾರಲ್ಲ.”

“ಬ್ರಷ್ಷಿಗೆ ರಬ್ಬರ್ ಬ್ಯಾಂಡ್ ಹಾಕಾಕ ಬರತೈತೇನ್ರಿ?”

ನಾನೂ ಬಗ್ಗಿ ನೋಡಿದೆ. ವೈರನ್ನು ಮೂರು ಮಡಿಕೆ ಮಡಚಿ, ನಡುವೆ ರಬ್ಬರ್ ಬ್ಯಾಂಡ್ ಸುತ್ತಿ, ಒಂದು ಮೂಲೆಯಲ್ಲಿ ಅಚ್ಚುಕಟ್ಟಾಗಿ ಸಿಕ್ಕಿಸಿತ್ತು. ಈ ಮನೆಯಲ್ಲಿ ಕರೆಂಟ್ ಬಿಲ್ಲಿಗೆ, ಹಳೇ ಲಗ್ನಪತ್ರಿಕೆಗೆ, ಕಡೆಗೆ ಕೊತ್ತಂಬರಿ ಸೊಪ್ಪಿಗೂ ಹಾಗೆ ರಬ್ಬರ್ ಬ್ಯಾಂಡ್ ಹಾಕುವವರು ಒಬ್ಬರೇ. ಕಳ್ಳತನ ಮಾಡುವಾಗಲೂ ನೀಟಾಗಿ ಮಾಡುವವರನ್ನು ಹಿಡಿಯಲು ಪೊಲೀಸರು ಬೇಕಾ?

ಆ ವೈರ್ ಹಚ್ಚದೆಯೇ ದಾದಾಪೀರ್ ಅದು ಕೂಡುವ ಎರಡು ಕಡ್ಡಿಗೆ ಸ್ಕ್ರೂಡ್ರೈವರ್ ತುದಿ ತಾಗಿಸಿದ. ಗುರ್ ಅಂತ ಎದ್ದಿತು. ಪರದೆಯ ಮೇಲೆ ನನ್ನ ಅಂಕಣಗಳ ಫೋಲ್ಡರ್. ಅದರ ಪಕ್ಕ ನಾನು ಎಂದೂ ನೋಡದ ಒಂದು ಫೈಲು, ಹೆಸರು ‘ಅಭ್ಯಾಸ’.

ದಾದಾಪೀರ್ ತೆರೆದ. ಟೈಪಿಂಗ್ ಕ್ಲಾಸಿನ ಮೊದಲ ದಿನದ ಪಾಠ. ಎಡಗೈಯ ನಾಲ್ಕು ಅಕ್ಷರ, ಬಲಗೈಯ ನಾಲ್ಕು. ಅದೇ ಸಾಲು, ಪುಟಗಟ್ಟಲೆ. ಎಡಗೈಯವು ಎಲ್ಲ ಸಾಲಲ್ಲೂ ಇದ್ದವು. ಬಲಗೈಯ ಉಂಗುರಬೆರಳು, ಕಿರುಬೆರಳು ಒತ್ತಬೇಕಾದವು ಒಂದು ಸಾಲಲ್ಲಿದ್ದರೆ ನಾಲ್ಕು ಸಾಲಲ್ಲಿ ಇಲ್ಲ. ಕೆಳಗೆ ಹೋದಂತೆ ಒಂದರಲ್ಲೂ ಇಲ್ಲ.

ಸೆಕೆ ಅಂತ ಜುಬ್ಬಾ ಅಲ್ಲ. ಅಂಗಿಯ ಗುಂಡಿ ಹಾಕಲು ಆಗುತ್ತಿರಲಿಲ್ಲ. ಹಲ್ಲು ನೋವು ಅಂತ ರೊಟ್ಟಿಯನ್ನು ಹಾಲಲ್ಲಿ ನೆನೆಸಿ ಚಮಚ ಕೇಳುತ್ತಿದ್ದರು, ಹಲ್ಲಿಗೆ ಏನೂ ಆಗಿರಲಿಲ್ಲ. ಬೀಗರ ಸಾಲು ಬಿಟ್ಟುಹೋದದ್ದೂ ಕಣ್ಣು ತಪ್ಪಿ ಅಲ್ಲ, ನನ್ನ ಮಾತಿನ ಹಿಂದೆ ಬೆರಳು ಓಡಲಾರದೆ. ಎರಡು ತಿಂಗಳು ಎದುರು ಕೂತು ಊಟ ಮಾಡಿದ್ದೇನೆ. ಜಗತ್ತಿನ ಬಗ್ಗೆಯೆಲ್ಲ ವಾರಕ್ಕೊಂದು ಬರೆಯುವ ನನ್ನ ಕಣ್ಣನ್ನು ನಾನು ಎಲ್ಲಿಟ್ಟಿದ್ದೆ?

“ಅಮ್ಮಾ, ವೈರ್ ಹಚ್ಚಲ್ಯೋ ಬ್ಯಾಡೋ?” ದಾದಾಪೀರ್ ಮೆಲ್ಲಗೆ ಕೇಳಿದ.

“ಹೆಂಗಿತ್ತೋ ಹಂಗ ಇಡಪ್ಪಾ. ರಬ್ಬರ್ ಬ್ಯಾಂಡ್ ಸಮೇತ.”

“ಸಾಹೇಬ್ರು ಕೇಳಿದ್ರ?”

“ನೀ ಬಂದ ಇಲ್ಲ.”

“ಬರದವರಿಗೆ ಚಹಾನೂ ಇಲ್ಲೇನ್ರಿ?” ಅಂದ. ಕುಡಿಸಿ ಕಳಿಸಿದೆ.

ಅವನು ಹೋದ ಮೇಲೆ ಬುಟ್ಟಿ ಮುಂದೆ ಎಳೆದುಕೊಂಡೆ. ಶೇಂಗಾ ಸುಲಿಯುವುದಕ್ಕೂ ಬೇಸರ. ನಾವೆಲ್ಲ ಯಾಕೆ ಹೀಗೆ? ನನ್ನ ತಂಗಿ ಒಂದು ವರ್ಷದಿಂದ ಟಿವಿ ಸೌಂಡ್ ಕೆಟ್ಟಿದೆ ಅನ್ನುತ್ತಾಳೆ. ಓಣಿಗೆಲ್ಲ ಕೇಳುತ್ತದೆ, ಅವಳೊಬ್ಬಳಿಗೆ ಕೇಳುವುದಿಲ್ಲ. ನಾನೂ ಕಡಿಮೆಯವಳಲ್ಲ. ಈಗಿನ ಸೂಜಿಗೆ ಕಣ್ಣು ಸಣ್ಣದು ಮಾಡುತ್ತಾರೆ ಅಂತ ಅಂಗಡಿಯವನ ಹತ್ತಿರ ಜಗಳ ಮಾಡಿ ಬಂದಿದ್ದೇನೆ. ಸಾಮಾನು ಕೆಟ್ಟಿದೆ ಅಂದರೆ ಯಾರೂ ಮುಖ ಸಣ್ಣ ಮಾಡುವುದಿಲ್ಲ. ನನ್ನ ಬೆರಳು ಕೆಟ್ಟಿದೆ ಅಂದರೆ? ಅದನ್ನು ಹೇಳಲು ಮನೆಯಲ್ಲಿ ಒಂದು ಜಾಗ ಬೇಕು. ಆ ಜಾಗವನ್ನು ನಾನೇ ಮೂರು ವಾರದ ಹಿಂದೆ, ಚಹಾ ಹೊತ್ತಿನಲ್ಲಿ, ಮುಚ್ಚಿಬಿಟ್ಟಿದ್ದೆ.

ಸೋಮವಾರದ ಪ್ಯಾರಾ ಅಳಿಸಿದೆ. ಇಲ್ಲಿಯವರೆಗೆ ನೀವು ಓದಿದ್ದನ್ನು ಟೈಪ್ ಮಾಡಿದೆ. ಅವರು ಬೇಡ ಅಂದರೆ ಎಲ್ಲ ಅಳಿಸಿ, ಬುಧವಾರ ತಪ್ಪಿದರೆ ತಪ್ಪಲಿ ಅಂದುಕೊಂಡೆ.

(ಮುಂದಿನದು ಅವರು ಓದಿದ ಮೇಲೆ ಸೇರಿಸಿದ್ದು.)

ಸಂಜೆ ಫೋನನ್ನು ಕೈಗೆ ಕೊಟ್ಟೆ. “ಒಂದ್ಸಲ ನೋಡ್ರಿ, ನನಗ ತಪ್ಪು ಕಾಣವಲ್ದು.”

ಕನ್ನಡಕ ಹಾಕಿಕೊಂಡರು. ಅಭ್ಯಾಸಬಲ, ಕೆಂಪು ಪೆನ್ಸಿಲ್ ತೆಗೆದರು. ಫೋನಿನ ಗಾಜು ನೋಡಿ ಮತ್ತೆ ಜೇಬಿಗೆ ಇಟ್ಟರು. ಎಡಗೈ ಬೆರಳಿನಿಂದ ಸರಿಸುತ್ತ ಓದಿದರು. ಬೀಗರ ಹತ್ತಿರ ಮೀಸೆಯೊಳಗೆ ನಕ್ಕರು. ಆಮೇಲೆ ಒಂದು ಕಡೆ ಬೆರಳು ನಿಂತೇಬಿಟ್ಟಿತು. ನಾನು ಮೆಂತ್ಯೆ ಸೊಪ್ಪು ಬಿಡಿಸುತ್ತ ಕೂತೆ. ಬಿಡಿಸಿದ್ದನ್ನೇ ಮತ್ತೆ ಬಿಡಿಸಿದೆ.

“ರಬ್ಬರ್ ಬ್ಯಾಂಡ್ ಸೈತ ಬರದೀಯೇನ?”

“ಬ್ಯಾಡಂದ್ರ ಅಳಸ್ತೇನಿ.”

“ಇರ್ಲಿ. ವೈರ್ ಜೋತಾಡಾಕ ಬಿಟ್ಟಿರಲಿಲ್ಲ ಅಂತ ಮಂದಿಗೆ ತಿಳೀಲಿ.”

“ಗುರುವಾರ ಡಾಕ್ಟರ ಕಡೆ ಹೋಗೂಣು.”

“ಹೂಂ.” ಈ ಸಲ ಖರೇ ಹೂಂ.

ಫೋನ್ ವಾಪಸ್ ಕೊಟ್ಟರು. ನಾನು ತಲೆ ಎತ್ತದೆ ಕೇಳಿದೆ, “ತಪ್ಪು ಎಷ್ಟ್ ಅದಾವ್ರಿ?”

“ಹದಿನಾಲ್ಕ,” ಅಂದರು. “ಹೆದರಬ್ಯಾಡ, ಸೊಸಿ ಮುಂದ ಹೇಳಂಗಿಲ್ಲ.”